ಸೂಜಿ ಒಲ್ಲೆನೆಂದ ಡಾಕ್ಟರು

“ದುರ್ಗದಬೈಲಿನ್ಯಾಗ ಒಬ್ಬ ಡಾಕ್ಟರ ಇದ್ದ. ಭಾಳ ಸೊಕ್ಕಿನ ಮನಶ್ಯಾ. ಸುಳ್ಳ ಅನ್ನೂ ಊರಿನ ಒಬ್ಬ ಹೆಣ್ಣಮಗಳ ಮೈಮ್ಯಾಲೆ ದ್ಯಾಮವ್ವ ಬರತಿದ್ಲು. ಆಕಿಗೆ ಸೂಜಿ ಹಾಕೂದಿಲ್ಲ ಅಂತ ಹಟಾ ಹಿಡದ. ತಾಯಿ ಮುನಿದ್ಲು. ವರ್ಷ ತುಂಬೂದ್ರಾಗ ದವಾಖಾನಿಗೆ ಕೀಲಿ ಬಿತ್ತು, ಊರ ಬಿಟ್ಟು ಓಡಿ ಹ್ವಾದ.”

ಹುಬ್ಬಳ್ಳಿಯಲ್ಲಿ ಈ ಕಥೆಯನ್ನು ಕೇಳದವರು ಕಡಿಮೆ. ನಾನು ಇದನ್ನು ಕ್ಷೌರದಂಗಡಿಯಲ್ಲಿ ಕೇಳಿದ್ದೇನೆ, ಚಹಾದಂಗಡಿಯಲ್ಲಿ ಕೇಳಿದ್ದೇನೆ, ಮದುವೆಯ ಪಂಕ್ತಿಯಲ್ಲಿ ಎಲೆಗೆ ಅನ್ನ ಬೀಳುವ ಮೊದಲೇ ಕೇಳಿದ್ದೇನೆ. ಹೇಳುವವರೆಲ್ಲ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಹೋದ ತಿಂಗಳು ಆ ಡಾಕ್ಟರು ಧಾರವಾಡದಲ್ಲಿ ತುಂಬಿದ ವಯಸ್ಸಿನಲ್ಲಿ ತೀರಿಕೊಂಡರು. ಮಣ್ಣು ಕೊಟ್ಟು ಬಸ್ಸಿನಲ್ಲಿ ಹಿಂದಿರುಗುವಾಗ ಮುಂದಿನ ಸೀಟಿನ ಇಬ್ಬರು ಅದೇ ಕಥೆಯನ್ನು ಅದೇ ಮಾತುಗಳಲ್ಲಿ ಹೇಳಿಕೊಳ್ಳುತ್ತಿದ್ದರು. ನಾನು ಮುಂದೆ ಬಾಗಿ, “ನೀವು ನೋಡಿದ್ರೇನ್ರಿ?” ಎಂದು ಕೇಳಿದೆ.

“ನಾವೆಲ್ಲಿ ನೋಡೂಣ್ರಿ ಅಜ್ಜಾರ? ನಮ್ಮ ಮುತ್ಯಾ ಹೇಳತಿದ್ದ.”

“ನಿಮ್ಮ ಮುತ್ಯಾ ನೋಡಿದ್ನೇನು?”

ಇಬ್ಬರೂ ಕಿಟಕಿಯ ಹೊರಗೆ ನೋಡತೊಡಗಿದರು.

ನಾನು ನೋಡಿದ್ದೇನೆ. ಅದಕ್ಕಾಗಿ ಬರೆಯುತ್ತಿದ್ದೇನೆ. ಆ ಕಥೆಯಲ್ಲಿ ಎರಡೇ ಸಂಗತಿಗಳು ನಿಜ. ಡಾಕ್ಟರು ಸೂಜಿ ಒಲ್ಲೆನೆಂದದ್ದು ನಿಜ, ದವಾಖಾನೆಗೆ ಕೀಲಿ ಬಿದ್ದದ್ದು ನಿಜ. ಈ ಎರಡರ ನಡುವೆ ಜನರು ಹೊಲಿದು ಸೇರಿಸಿದ ಬಟ್ಟೆಯನ್ನು ಬಿಚ್ಚಿ ಹಾಕುವುದು ನನ್ನ ಉದ್ದೇಶ.

ಅವರ ಹೆಸರನ್ನು ಬರೆಯುವುದಿಲ್ಲ. ತಮ್ಮ ದವಾಖಾನೆಯ ಬೋರ್ಡಿನ ಮೇಲೆ ಅವರೇ ಬರೆಸಿರಲಿಲ್ಲ. ಬರೀ ‘ದವಾಖಾನೆ’ ಎಂದಿತ್ತು. ಪುಣೆಯಲ್ಲಿ ವೈದ್ಯಕೀಯ ಕಲಿತು ಬಂದವರು ಹೆಸರಿನ ಮುಂದೆ ನಾಲ್ಕು ಅಕ್ಷರ ಬರೆಸಬಾರದೇ ಎಂದು ಯಾರೋ ಕೇಳಿದಾಗ ಅವರು ಅಂದದ್ದು ಇಷ್ಟು: “ನಾ ಇದ್ರ ಕದಾ ತಗದಿರತೈತಿ, ಇಲ್ಲಂದ್ರ ಹಾಕಿರತೈತಿ. ಮತ್ತೇನ ತಿಳಕೋಬೇಕ್ರಿ ಮಂದಿ?”

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗದಿದ್ದ ವರ್ಷಗಳವು. ದುರ್ಗದಬೈಲಿನ ಒಂದು ಗಲ್ಲಿಯಲ್ಲಿ ನನ್ನದು ಸ್ಟೋವು ರಿಪೇರಿಯ ಅಂಗಡಿ. ಅವರ ದವಾಖಾನೆಗೂ ನನ್ನ ಅಂಗಡಿಗೂ ನಡುವೆ ಇದ್ದದ್ದು ಸಂದಿಬಿಟ್ಟ ಹಲಗೆಯ ಗೋಡೆ. ಆಚೆ ರೋಗಿ ಕೆಮ್ಮಿದರೆ ಈಚೆ ನನ್ನ ಡಬ್ಬಿಯೊಳಗಿನ ಪಿನ್ನುಗಳು ಅಲುಗುತ್ತಿದ್ದವು. ಸೂಜಿ ಕುದಿಸುವ ಅವರ ಸ್ಟೋವು ಕೈಕೊಟ್ಟಾಗ ನಾನು ಹೋಗುತ್ತಿದ್ದೆ. ಉಳಿದ ಹೊತ್ತಿನಲ್ಲಿ ಅವರು ಎಸೆದ ಔಷಧದ ಪೆಟ್ಟಿಗೆಗಳೊಳಗಿನ ಅಚ್ಚಿನ ಕಾಗದಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ತಿಳಿಯದ್ದನ್ನು ಹಲಗೆ ಬಡಿದು ಕೇಳಿದರೆ ಆಚೆಯಿಂದ ಉತ್ತರ ಬರುತ್ತಿತ್ತು. ನನ್ನ ಶಾಲೆ ಅದೇ.

ಅವರದು ಅತ್ತರು ಮಾರುವ ಮನೆತನ. ತಂದೆಯ ಅಂಗಡಿ ಅದೇ ಗಲ್ಲಿಯ ಬಾಯಲ್ಲಿತ್ತು. ದವಾಖಾನೆ ತೆರೆದ ಮೊದಲ ವರ್ಷ ತಂದೆ ಪ್ರೀತಿಯಿಂದ ಬಾಗಿಲಿಗೆ ಗುಲಾಬಿ ಅತ್ತರು ಸವರಿ ಹೋಗುತ್ತಿದ್ದರು. ಮಗ ಅದನ್ನು ಸಾಬೂನು ನೀರಿನಿಂದ ಉಜ್ಜಿ ತೊಳೆಯುತ್ತಿದ್ದರು. ಒಂದು ದಿನ ತಂದೆ ಕಣ್ಣಾರೆ ಕಂಡುಬಿಟ್ಟರು.

“ನಾ ಅತ್ತರ ಮಾರಿದ ರೊಕ್ಕದಾಗ ನೀ ಡಾಕ್ಟರ ಆದಿ. ಈಗ ಅದ ಅತ್ತರ ನಿನಗ ನಾರತೈತೇನಲೇ?”

“ನನಗ ನಾರೂದಿಲ್ಲ ಅಬ್ಬಾ. ದಮ್ಮಿದ್ದವ್ರು ಇದರ ವಾಸನಿಗೇ ಬಿಗಿದು ಬೀಳತಾರ.”

“ಹಂಗಾರ ನಿನ್ನ ಮದವಿಗೆ ಯಾಕ ಒಬ್ಬರೂ ಬೀಳಲಿಲ್ಲ?”

“ದಮ್ಮಿದ್ದವ್ರನ್ನ ಕರದಿರಲಿಲ್ಲ.”

ತಂದೆ ಒಂದು ವಾರ ಮಗನೊಡನೆ ಮಾತು ಬಿಟ್ಟರು. ಬಾಗಿಲಿಗೆ ಅತ್ತರು ಮತ್ತೆ ಬೀಳಲಿಲ್ಲ. ನನಗೂ ಅಪ್ಪಣೆಯಾಗಿತ್ತು: ದಮ್ಮಿನ, ಅಂದರೆ ಉಬ್ಬಸದ, ರೋಗಿ ಒಳಗಿದ್ದಾಗ ಸ್ಟೋವನ್ನು ಗಲ್ಲಿಯ ಆಚೆ ಒಯ್ದು ಹಚ್ಚಬೇಕು. ಸೊಕ್ಕು ಎಂದು ಜನ ಹೇಳುವುದು ಇದನ್ನೇ ಆದರೆ, ಆ ಸೊಕ್ಕು ಅವರಿಗೆ ಇತ್ತು.

ದಮ್ಮಿಗೆ ಆ ಕಾಲದಲ್ಲಿ ಜನ ಉಮ್ಮತ್ತಿ ಎಲೆಯ ಹೊಗೆ ಕುಡಿಯುತ್ತಿದ್ದರು, ಕಫ ಕರಗಲೆಂದು ಕಷಾಯ ಕುಡಿಯುತ್ತಿದ್ದರು. ಡಾಕ್ಟರ ಬಳಿ ಅಡ್ರಿನಲಿನ್ ಎಂಬ ಔಷಧವಿತ್ತು. ಬೆರಳುದ್ದದ ಗಾಜಿನ ಕುಪ್ಪಿಗಳು. ಬೆಳಕು ಬೀಳದಂತೆ ಕಪ್ಪು ಕಾಗದ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಹಸಿ ಮರಳು ತುಂಬಿದ ಗಡಿಗೆಯಲ್ಲಿ ಹೂಳುತ್ತಿದ್ದರು. ಬಳಸುವ ಮೊದಲು ಪ್ರತಿ ಕುಪ್ಪಿಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನೀರಿನಂತೆ ತಿಳಿಯಾಗಿದ್ದರೆ ಸರಿ. ಸ್ವಲ್ಪ ಕೆಂಪು ತಿರುಗಿದ್ದರೂ ಗಟಾರಕ್ಕೆ. ಒಂದು ಬೇಸಿಗೆಯಲ್ಲಿ ಪೆಟ್ಟಿಗೆಗೆ ಪೆಟ್ಟಿಗೆಯೇ ಬಣ್ಣಗೆಟ್ಟಿತು. ಅವರು ಒಂದೊಂದಾಗಿ ಒಡೆದು ಚೆಲ್ಲುತ್ತಿದ್ದಾಗ ಎದುರಿನ ಕಾಳಿನ ಸಾಹುಕಾರರು ಹೊಟ್ಟೆ ಉರಿದುಕೊಂಡರು.

“ಏನ್ರಿ ಡಾಕ್ಟರ, ರೊಕ್ಕಾ ಗಟಾರಕ್ಕ ಚೆಲ್ಲಾಕತ್ತೀರಲ್ಲ! ಬಡವರಿಗಾದ್ರೂ ಹಾಕಬಾರದೇನು?”

“ಬಡವರ ಎದಿ ಬ್ಯಾರೇ ಇರತೈತೇನ್ರಿ ಸಾವ್ಕಾರ್ರ? ಚಹಾದ ಬಣ್ಣಾ ಬಂದೈತಿ. ಚಹಾ ಬೇಕಂದ್ರ ಹೋಟೆಲನ್ಯಾಗ ಕುಡೀಲಿ. ನನ್ನ ಸೂಜ್ಯಾಗ ಬ್ಯಾಡ.”

ಸೂಜಿ ಹಾಕುವುದರಲ್ಲಿಯೂ ಅವರದೊಂದು ಪದ್ಧತಿಯಿತ್ತು. ಮೊದಲು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳುತ್ತಿದ್ದರು. ಏದುಸಿರೆಲ್ಲ ದಮ್ಮಲ್ಲ, ಹೃದಯ ಸೋತವರೂ ಹಾಗೆಯೇ ಏದುತ್ತಾರೆ, ಅಂಥವರಿಗೆ ಈ ಸೂಜಿ ಹಾಕಿದರೆ ಸೋತ ಎತ್ತಿಗೆ ಮತ್ತೆ ಹೇರು ಹೇರಿದಂತೆ ಎನ್ನುತ್ತಿದ್ದರು. ದಮ್ಮೇ ಎಂದು ಖಾತ್ರಿಯಾದ ಮೇಲೆ ತೋಳಿನ ಚರ್ಮದ ಕೆಳಗೆ ಸೂಜಿ ಇಳಿಸಿ, ಹಿಂದಕ್ಕೆ ಸ್ವಲ್ಪ ಎಳೆದು, ರಕ್ತ ಬರುವುದೇನೋ ನೋಡುತ್ತಿದ್ದರು. ಬಂದರೆ ಸೂಜಿ ಹೊರಕ್ಕೆ. ರಕ್ತನಾಳದೊಳಗೆ ಹೋದರೆ ಜೀವಕ್ಕೆ ಆಪತ್ತು. ಬರದಿದ್ದರೆ ಒಂದು ಹನಿ ತಳ್ಳಿ ನಿಲ್ಲುತ್ತಿದ್ದರು. ಇನ್ನೊಂದು ಕೈ ರೋಗಿಯ ನಾಡಿಯ ಮೇಲೆ. ಸಾಕೋ ಬೇಕೋ ತಿಳಿಯಲು ರೋಗಿಗೆ ಅವರು ಹೇಳುತ್ತಿದ್ದ ಮಾತು ಕೇಳಿ ಹೊಸಬರು ಗಾಬರಿಯಾಗುತ್ತಿದ್ದರು: “ನನಗೊಂದು ಬೈಗಳಾ ಬೈಯವ್ವಾ.”

ಹಳೇ ಹುಬ್ಬಳ್ಳಿಯ ಒಬ್ಬ ನೇಕಾರ ಮುದುಕಿ ಇದ್ದಳು. ಮೊದಲ ಹನಿಗೆ, “ನಿನ್ನ…” ಎಂದು ನಿಲ್ಲುತ್ತಿದ್ದಳು. ಎರಡನೆಯದಕ್ಕೆ, “ನಿನ್ನ ಹೆಣಾ…” ಎನ್ನುವಷ್ಟು ಉಸಿರು ಬರುತ್ತಿತ್ತು. ಡಾಕ್ಟರು ತಾಳ್ಮೆಯಿಂದ ಕಾಯುತ್ತಿದ್ದರು. ಕೊನೆಗೆ, “ನಿನ್ನ ಹೆಣಾ ಎತ್ತಲಿ, ಆ ಸೂಜಿ ತಗಿಯೋ ಭಾಡ್ಯಾ!” ಎಂದು ಒಂದೇ ಉಸಿರಿನಲ್ಲಿ ಬಂತೆಂದರೆ, “ಸಾಕು, ಆರಾಮಾತು” ಎಂದು ಸೂಜಿ ತೆಗೆಯುತ್ತಿದ್ದರು. ಬೈಗುಳ ಪೂರ್ತಿಯಾದರೆ ಔಷಧ ಪೂರ್ತಿಯಾಯಿತು. ಕುಪ್ಪಿಯಲ್ಲಿ ಎಷ್ಟು ಉಳಿದಿದೆ ಎಂಬುದು ಅವರಿಗೆ ಮುಖ್ಯವಲ್ಲ. ಬೇರೆಯವರು ಔಷಧ ಅಳೆಯುತ್ತಾರೆ, ಇವರು ರೋಗಿಯನ್ನು ಅಳೆಯುತ್ತಿದ್ದರು.

ಇನ್ನು ಸುಳ್ಳದ ಬಂಡಿಯ ಸಂಗತಿ.

ಹತ್ತಿ ಬಿಡಿಸುವ ಹಂಗಾಮು. ಒಂದು ಮುಂಜಾನೆ ದವಾಖಾನೆಯ ಎದುರಿಗೆ ಬಂಡಿ ಬಂದು ನಿಂತಿತು. ಸುಳ್ಳದ ಹೊಲಮನೆಯುಳ್ಳ ಒಂದು ಕುಟುಂಬ. ಅತ್ತೆ ಗಂಗವ್ವ, ಅವಳ ಮಗ, ಸೊಸೆ ನೀಲವ್ವ. ನೀಲವ್ವನಿಗೆ ಇಪ್ಪತ್ತರ ಒಳಗಿನ ವಯಸ್ಸು. ಬಂಡಿಯ ಗೂಟ ಹಿಡಿದು ಮುಂದಕ್ಕೆ ಬಾಗಿ ಕುಳಿತಿದ್ದಳು. ಅವಳ ಎದೆಯೊಳಗಿನ ಸಿಳ್ಳು ನನ್ನ ಅಂಗಡಿಗೆ ಕೇಳುತ್ತಿತ್ತು. ಗಂಗವ್ವ ಸೊಸೆಯನ್ನು ಎತ್ತಿಕೊಂಡೇ ಒಳಗೆ ಹೋದಳು. ಮಗ ಎತ್ತುಗಳ ಹಗ್ಗ ಹಿಡಿದು ಹೊರಗೆ ನಿಂತ.

ಅತ್ತೆಯ ಎದುರಿಗೆ ಸೊಸೆ ಬೈಯುವುದುಂಟೇ? ಡಾಕ್ಟರು ಆ ದಿನ ಎಮ್ಮೆಯ ಹೆಸರು ಕೇಳಿದರು, ತವರಿನ ಹೆಸರು ಕೇಳಿದರು. ಬಿಗಿತ ಗಟ್ಟಿಯಾಗಿತ್ತು, ಹನಿಗಳು ಎಂದಿಗಿಂತ ಹೆಚ್ಚು ಹೋದವು. ಕೊನೆಗೆ ಸಿಳ್ಳು ಸಡಿಲಾಯಿತು. ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಡಾಕ್ಟರು ಸೂಜಿ ತೊಳೆಯಲು ಒಳಕೋಣೆಗೆ ಹೋದರು. ಅಷ್ಟರಲ್ಲಿ ಔಷಧದ ಇನ್ನೊಂದು ಗುಣ ಕಾಣಿಸಿಕೊಂಡಿತು.

ಉಸಿರಿನ ನಾಳ ಸಡಿಲಿಸುವ ಈ ಔಷಧ ಅದೇ ಹೊತ್ತಿಗೆ ಎದೆಯನ್ನು ಓಡಿಸುತ್ತದೆ, ಮುಖದ ರಕ್ತ ಇಳಿಸುತ್ತದೆ, ಕೈಕಾಲು ನಡುಗಿಸುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಇಳಿದುಹೋಗುತ್ತದೆ. ಗಂಗವ್ವನಿಗೆ ಇದನ್ನು ಯಾರು ಹೇಳಬೇಕು? ಈಗಷ್ಟೇ ಸಾಯುತ್ತಿದ್ದ ಸೊಸೆ ಎದ್ದು ಕುಳಿತಿದ್ದಾಳೆ, ಮುಖ ಬಿಳುಪೇರಿದೆ, ಹಲ್ಲು ಕಟಕಟಿಸುತ್ತಿವೆ, ಬಳೆಗಳು ತಾವಾಗಿ ಸದ್ದು ಮಾಡುತ್ತಿವೆ. ತನ್ನ ಊರಿನಲ್ಲಿ ಗಂಗವ್ವ ಇಂಥ ನಡುಕವನ್ನು ದೇವಿಯ ಗುಡಿಯ ಮುಂದೆ ಮಾತ್ರ ಕಂಡಿದ್ದವಳು. ನೆಲಕ್ಕೆ ಬಿದ್ದು ಸೊಸೆಯ ಪಾದ ಹಿಡಿದಳು.

“ಯಾವಾಕಿ ಬಂದೀಯವ್ವಾ? ದ್ಯಾಮವ್ವನೇನ?”

ನೀಲವ್ವ ಕಷ್ಟಪಟ್ಟು, “ನೀರು…” ಎಂದಳು.

“ಲೇ, ತಾಯಿ ನೀರ ಬೇಡ್ಯಾಳ! ಚರಿಗಿ ತಾರೋ!” ಎಂದು ಗಂಗವ್ವ ಕೂಗಿದಳು. ಮಗ ನನ್ನ ಅಂಗಡಿಗೆ ಓಡಿಬಂದ. ನನ್ನ ತಗಡಿನ ಚರಿಗೆ ಕೊಟ್ಟೆ. ಗಂಗವ್ವ ಅದನ್ನು ನೋಡಿ, “ತಗಡಿಂದ್ರಾಗ ತಾಯಿ ಕುಡೀತಾಳೇನಲೇ? ತಾಂಬ್ರದ್ದು ತಾ!” ಎಂದು ಬೈದು ಹೊರಗಟ್ಟಿದಳು. ತಾಮ್ರದ ಚರಿಗೆ ಅತ್ತರಿನ ಅಂಗಡಿಯಿಂದ ಬಂತು. ನೀಲವ್ವ ಕುಡಿದಳು. ಗಂಗವ್ವ ಕೈಮುಗಿದು ಕೇಳಿದಳು: “ಯವ್ವಾ, ಹತ್ತಿ ಈಗ ಮಾರಲೇನ?”

ನೀಲವ್ವನ ತಲೆ ಎಡಕ್ಕೂ ಬಲಕ್ಕೂ ನಡುಗುತ್ತಲೇ ಇತ್ತು. ಗಂಗವ್ವ ಅದನ್ನು ಬೇಡವೆಂದು ತಿಳಿದಳು. ಆ ವರ್ಷ ಅವರು ಹತ್ತಿಯನ್ನು ತಡೆಹಿಡಿದರು. ಆಮೇಲೆ ಧಾರಣೆ ಏರಿತು. ದೇವಿ ಸುಳ್ಳದ ಗಂಗವ್ವನ ಸೊಸೆಯ ಮೈಮೇಲೆ ಬರುತ್ತಾಳೆಂಬ ಸುದ್ದಿಗೆ ಇಷ್ಟು ಸಾಕಾಯಿತು.

ಮುಂದಿನ ಸಲ ದಮ್ಮು ಬಂದಾಗ ಅವರ ಬಂಡಿಯ ಹಿಂದೆ ಇನ್ನೊಂದು ಬಂಡಿ ಬಂತು. ಅದರ ಮುಂದಿನ ಸಲ ಎರಡು. ಕಳೆದುಹೋದ ಆಕಳು, ಕೂಡದ ಮದುವೆ, ಬತ್ತಿದ ಬಾವಿ, ಎಲ್ಲಕ್ಕೂ ಪ್ರಶ್ನೆ ಹೊತ್ತು ಟೆಂಗಿನಕಾಯಿ ಹಿಡಿದು ಜನ ಗಲ್ಲಿಯಲ್ಲಿ ಕೂರುತ್ತಿದ್ದರು. ಡಾಕ್ಟರಿಗೆ ಮೊದಮೊದಲು ತಿಳಿಯಲಿಲ್ಲ. ರೋಗಿಯ ನಂಟರು ಬಹಳ ಎಂದುಕೊಂಡಿದ್ದರು. ನಾನು ಹೇಳಿದಾಗ ಹೊಟ್ಟೆ ಹಿಡಿದು ನಕ್ಕರು. ನಗು ನಿಂತದ್ದು ಒಂದು ಮಂಗಳವಾರ. ಅಂದು ನೀಲವ್ವ ತಾನೇ ಬಂಡಿಯಿಂದ ಇಳಿದು ನಡೆದು ಒಳಗೆ ಬಂದಳು. ಡಾಕ್ಟರು ನಳಿಗೆ ಹಚ್ಚಿ ಕೇಳಿದರು.

“ಎದಿ ಸ್ವಚ್ಛ ಐತಲ್ರಿ ಗಂಗವ್ವಾರ. ಯಾಕ ಕರಕೊಂಡ ಬಂದೀರಿ?”

“ಇವತ್ತ ಮಂಗಳವಾರ ಅಲ್ರಿ ಸಾಹೇಬ್ರ. ಮಂದಿ ಕಾಯಾಕತ್ತಾರ. ಲಗೂನ ಸೂಜಿ ಹಾಕ್ರಿ.”

“ದಮ್ಮಿಲ್ಲದ ಸೂಜಿ ಹಾಕೂದಿಲ್ಲ.”

“ತಾಯಿ ಬರೂದು ಬ್ಯಾಡ ಅಂತೀರೇನು?”

“ತಾಯಿ ಬರಬ್ಯಾಡ ಅನ್ನಾಂವ ನಾ ಯಾರ್ರಿ? ಬರಲಿ. ಆದ್ರ ನನ್ನ ಸೂಜಿ ಹಿಡಕೊಂಡ ಬರೂದು ಬ್ಯಾಡ. ದಮ್ಮಿನ ಹೊತ್ನ್ಯಾಗ ಇದು ಔಷಧ. ದಮ್ಮಿಲ್ಲದಾಗ ಹಾಕಿದ್ರ ನಿಂತ ಕುದರಿಗೆ ಚಾಬಕ ಹೊಡದಂಗ. ಎದಿ ಸುಮ್ಮನ ಓಡತೈತಿ.”

ಗಂಗವ್ವ ಆಗ ಆಡಿದ ಮಾತು ಹಲಗೆಯ ಆಚೆಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿತು. ಕೇಳಿಸಬಾರದಿತ್ತು ಎಂದು ಇಂದಿಗೂ ಅನ್ನಿಸುತ್ತದೆ.

“ಖರೇ ಹೇಳ್ರಿ ಸಾಹೇಬ್ರ. ತಾಯಿ ಬರತಿದ್ರ ಈಕಿ ನಮ್ಮ ಮನೀ ದೇವರು. ಬರೇ ದಮ್ಮಾದ್ರ, ದಮ್ಮಿನ ಸೊಸೀನ್ನ ಇಟಗೊಂಡ ನಾ ಏನ ಮಾಡ್ಲಿ? ತವರಮನಿಗೆ ಕಳಿಸಿ ಮಗಗ ಮತ್ತೊಂದ ಮಾಡ್ತೇನಿ.”

ನೀಲವ್ವ ಅಲ್ಲೇ ನಿಂತಿದ್ದಳು. ಅವಳ ಧ್ವನಿ ಕೇಳಿತು: “ಹಾಕಿಬಿಡ್ರಿ ಸಾಹೇಬ್ರ. ಜರಾ ನಡಗಿದ್ರ ನಾ ಏನ ಸಾಯೂದಿಲ್ಲ.”

ಕಥೆ ಹೇಳುವವರು ಈ ಮಾತನ್ನು ಎಂದೂ ಹೇಳುವುದಿಲ್ಲ. ಆ ಹುಡುಗಿಗೆ ದೇವಿಯ ಹಂಬಲವಿರಲಿಲ್ಲ, ಜನರ ಕೈಮುಗಿತವೂ ಬೇಕಿರಲಿಲ್ಲ. ಅವಳು ಬೇಡಿದ್ದು ತನ್ನ ಗಂಡನ ಮನೆಯ ಬಾಗಿಲು ತನಗೆ ತೆರೆದಿರಲಿ ಎಂದು. ಸೂಜಿ ಸಿಕ್ಕರೆ ಮನೆ ಉಳಿಯುತ್ತದೆ, ಎದೆ ಹೋಗುತ್ತದೆ. ಸೂಜಿ ಸಿಗದಿದ್ದರೆ ಎದೆ ಉಳಿಯುತ್ತದೆ, ಮನೆ ಹೋಗುತ್ತದೆ. ಡಾಕ್ಟರು ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಆಮೇಲೆ, “ಒಲ್ಲೆ” ಎಂದರು. ಅಂದಿನಿಂದ ಅವರು ಸೊಕ್ಕಿನವರಾದರು.

ಸೂಜಿ ಬೇಕೆಂದವರಿಗೆ ಸೂಜಿ, ಬಾಟಲಿ ಬೇಕೆಂದವರಿಗೆ ಬಾಟಲಿ ಕೊಡುವವನೊಬ್ಬ ಆಗ ಊರಿನಲ್ಲಿದ್ದ. ಅವನ ಸುದ್ದಿ ಇಲ್ಲಿ ಬೇಡ. ಮುಂದಿನ ಮಂಗಳವಾರ ಅವನು ಇಡೀ ಕುಪ್ಪಿಯನ್ನು ಒಂದೇ ಸಲಕ್ಕೆ ನೀಲವ್ವನ ತೋಳಿಗೆ ಇಳಿಸಿದ. ಕೆಲವೇ ನಿಮಿಷಗಳಲ್ಲಿ ಗಂಗವ್ವನ ಬಂಡಿ ಕಿತ್ತುಬೀಳುವಂತೆ ನಮ್ಮ ಗಲ್ಲಿಗೆ ನುಗ್ಗಿತು. ಹಿಂದೆ ಪ್ರಶ್ನೆಯ ಬಂಡಿಗಳು ತಪ್ಪದೆ ಇದ್ದವು. ನೀಲವ್ವನ ಮುಖ ಬೂದಿಯಾಗಿತ್ತು. ವಾಂತಿ ಮಾಡಿಕೊಂಡಿದ್ದಳು. ತಲೆಯನ್ನು ಎರಡೂ ಕೈಗಳಿಂದ ಅದುಮಿ ಹಿಡಿದಿದ್ದಳು. ಎದೆಯ ಬಡಿತ ಸೀರೆಯ ಸೆರಗಿನ ಮೇಲೆ ಕಾಣುತ್ತಿತ್ತು.

ಡಾಕ್ಟರು ಅವಳನ್ನು ಬೆಂಚಿನ ಮೇಲೆ ಒರಗಿಸಿ ಪಕ್ಕದಲ್ಲಿ ಕುಳಿತರು. ಕಪಾಟಿನ ಕಡೆ ನೋಡಲಿಲ್ಲ.

“ಏನರ ಕೊಡ್ರಿ ಸಾಹೇಬ್ರ! ಸುಮ್ಮ ಕುಂತೀರಲ್ಲ!” ಎಂದು ಗಂಗವ್ವ ಅಂಗಲಾಚಿದಳು.

“ಇದನ್ನ ಇಳಸೂ ಔಷಧ ನನ್ನ ಹಂತ್ಯಾಕ ಇಲ್ಲ. ಹೊತ್ತು ಹೋದಂಗ ತಾನ ಇಳೀತೈತಿ. ಎದಿ ತಡಕೊಳ್ಳಲಿ ಅಂತ ಬೇಡಕೊಳ್ರಿ. ನೀವು ಆ ಕಡಿ ಗಾಳಿ ಬೀಸ್ರಿ, ನಾ ಈ ಕಡಿ ನಾಡಿ ಹಿಡೀತೇನಿ.”

ಗಂಗವ್ವ ಸೆರಗಿನಿಂದ ಗಾಳಿ ಬೀಸಿದಳು. ಹೊರಗಿನಿಂದ ಯಾರೋ ತಾಳ್ಮೆಗೆಟ್ಟು ಕೂಗಿದರು: “ತಾಯಿ ಏನಂತಾಳ್ರಿ? ನಮ್ಮ ಆಕಳದ್ದ ಕೇಳ್ರಿ ಜರಾ!” ಗಂಗವ್ವ ಬಾಗಿಲಿಗೆ ಬಂದು, “ನಿನ್ನ ಆಕಳಾ ಹಾಳಾಗಿ ಹೋಗಲಿ! ಬಾಯಿ ಮುಚ್ಚ!” ಎಂದು ಗರ್ಜಿಸಿ ಮತ್ತೆ ಗಾಳಿ ಬೀಸಲು ಹೋದಳು. ಅವಳನ್ನು ದುಷ್ಟ ಅತ್ತೆಯೆಂದು ಬರೆದು ಮುಗಿಸಲು ನನಗೆ ಸಾಧ್ಯವಾಗದ್ದು ಈ ಕಾರಣಕ್ಕೆ.

ನೀಲವ್ವನ ಬಡಿತ ನಿಧಾನವಾಗಿ ಇಳಿಯಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದಳು. ಆಗ ಡಾಕ್ಟರು ಎದ್ದು ಬಾಗಿಲಿಗೆ ಬಂದು, ಬಂಡಿಗಳ ಜನರನ್ನೂ ನನ್ನನ್ನೂ ಕರೆದರು. “ಬರ್ರಿ. ಎಲ್ಲಾರೂ ಬರ್ರಿ. ತಾಯಿ ಹ್ಯಾಂಗ ಬರತಾಳ ನೋಡ್ರಿ.” ಮರಳಿನ ಗಡಿಗೆಯಿಂದ ಒಂದು ಕುಪ್ಪಿ ತೆಗೆದು ಬೆಳಕಿಗೆ ಹಿಡಿದು ನೋಡಿ, ಕತ್ತು ಮುರಿದು, ಸ್ವಲ್ಪವೇ ಔಷಧ ಎಳೆದುಕೊಂಡರು. ಅಂಗಿಯ ತೋಳು ಮಡಚಿದರು. ಸೂಜಿಯನ್ನು ತಮ್ಮದೇ ತೋಳಿಗೆ ಇಳಿಸಿ, ಹಿಂದಕ್ಕೆಳೆದು ನೋಡಿ, ಮೆಲ್ಲಗೆ ತಳ್ಳಿದರು.

ಸೂಜಿ ಒಲ್ಲೆನೆಂದವರು ಸೂಜಿ ಹಾಕಿಕೊಂಡರು! ಊರು ಮರೆತದ್ದು ಇದನ್ನು.

ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳನ್ನು ಮೇಜಿನ ಮೇಲಿನ ತಗಡಿನ ತಟ್ಟೆಯ ಮೇಲಿಟ್ಟರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅವರ ಉಂಗುರ ತಟ್ಟೆಗೆ ತಾಗಿ ಸಣ್ಣಗೆ ಟಣಟಣ ಎನ್ನತೊಡಗಿತು. ಮುಖದ ಬಣ್ಣ ಇಳಿಯಿತು. ತುಟಿ ಬೆಳ್ಳಗಾಯಿತು. ಬಾಗಿಲಲ್ಲಿ ನಿಂತವರು ಒಬ್ಬರ ಮೇಲೊಬ್ಬರು ಬಿದ್ದು ಇಣುಕಿದರು.

“ನೋಡ್ರಿ ಗಂಗವ್ವಾರ. ನಾನೂ ನಡಗಾಕತ್ತೇನಿ.”

ಗಂಗವ್ವ ಸುಲಭಕ್ಕೆ ಸೋಲುವವಳಲ್ಲ. ಸೊಂಟದ ಮೇಲೆ ಕೈಯಿಟ್ಟು, “ಗಂಡಸರ ಮೈಮ್ಯಾಲೂ ಬರತಾಳ್ರಿ ತಾಯಿ” ಎಂದಳು.

ಜನ ಗೊಳ್ಳೆಂದು ನಕ್ಕರು. ಡಾಕ್ಟರೂ ನಕ್ಕರು. ನಗುವೂ ನಡುಗುತ್ತಿತ್ತು. “ಹಂಗಾರ ಕೇಳ್ರಿ. ಏನ ಕೇಳ್ತೀರಿ ಕೇಳ್ರಿ.”

“ಹತ್ತಿ…”

“ಹತ್ತೀ ಧಾರಣಿ ಅಡತಿ ಅಂಗಡ್ಯಾಗ ಕೇಳ್ರಿ. ಮನೀದು ಕೇಳ್ರಿ.”

ಗಂಗವ್ವ ಬೆಂಚಿನ ಕಡೆ ನೋಡಿದಳು. ನೀಲವ್ವ ಕಣ್ಣು ತೆರೆದಿದ್ದಳು. ಗಂಗವ್ವನ ಧ್ವನಿ ಇಳಿಯಿತು. “ಈಕಿನ್ನ ಏನ ಮಾಡ್ಲಿ?”

“ಇಟಗೋರಿ. ಈಕಿಗೆ ದಮ್ಮೈತಿ. ದಮ್ಮಿದ್ದವ್ರು ರೊಟ್ಟಿ ಬಡೀತಾರ, ಹೊಲಕ್ಕ ಹೋಗತಾರ, ಹಡೀತಾರ, ಮುದಿಕ್ಯಾರೂ ಆಗತಾರ. ಔಷಧ ಬೇಕಾದಾಗ ಬೇಕಾದಷ್ಟ ತಗೋಬೇಕು, ಬ್ಯಾಡಾದಾಗ ಮುಟ್ಟಬಾರದು. ಇಷ್ಟ ನಡದ್ರ ಆತು.”

ಗಂಗವ್ವ ಹುಬ್ಬು ಗಂಟಿಕ್ಕಿದಳು. “ಇದು ತಾಯಿ ಹೇಳಿದ್ದೋ, ನೀವು ಹೇಳಿದ್ದೋ?”

ಡಾಕ್ಟರು ನಡುಗುವ ಕೈಯೊಂದನ್ನು ಎತ್ತಿ ತೋರಿಸಿದರು.

“ನಡಗೂದು ಔಷಧದ್ದು. ಮಾತು ನಂದು.”

ಗಂಗವ್ವ ಅವರನ್ನೇ ದಿಟ್ಟಿಸಿ ನೋಡುತ್ತ ನಿಂತಳು. ಆಮೇಲೆ ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ, ಮಗನಿಗೆ, “ಬಂಡಿ ಹೂಡು” ಎಂದಳು. ಅವರು ಹೋದರು. ಅವಳು ಏನು ನಿಶ್ಚಯಿಸಿದಳೆಂದು ಯಾರಿಗೂ ತಿಳಿಯಲಿಲ್ಲ.

ಅಂದು ಸಂಜೆ ಸ್ಟೋವಿನ ನೆಪ ಮಾಡಿ ಒಳಗೆ ಹೋಗಿ ನಾನು ಅವರೊಡನೆ ಜಗಳ ತೆಗೆದೆ. “ತಾಯೀ ಮಾತು ಅಂತ ಒಂದು ಸುಳ್ಳ ಹೇಳಿದ್ರ ಆ ಹುಡುಗೀ ಸಂಸಾರ ಗಟ್ಟಿ ಆಗತಿತ್ತಲ್ರಿ? ನಿಮ್ಮ ಗಂಟೇನ ಹೋಗತಿತ್ತು?” ಎಂದೆ. ಅವರು ಸೂಜಿ ಒರೆಸುತ್ತ ಹೇಳಿದರು: “ಇವತ್ತ ನಾ ತಾಯಿ ಆದ್ರ ನಾಳೆ ಆ ಸೂಜಿಯಾಂವ ತಾಯಿ ಆಗತಾನ. ಆಮ್ಯಾಲೆ ಯಾರ ಮಾತ ಕೇಳಬೇಕು ಆಕಿ?” ಆದರೂ ಅವರು ಮಾಡಿದ್ದು ತಪ್ಪೆಂದೇ ಬಹಳ ದಿನ ವಾದಿಸುತ್ತಿದ್ದೆ.

ಕೆಲವು ದಿನಗಳ ಮೇಲೆ ನೀಲವ್ವ ಗಂಡನೊಡನೆ ಬಂದಳು. ಹಿಂದೆ ಬೇರೆ ಬಂಡಿಗಳಿರಲಿಲ್ಲ. ಡಾಕ್ಟರು ಎಫಿಡ್ರಿನ್ ಎಂಬ ಗುಳಿಗೆ ಕೊಟ್ಟರು. ಅದು ಸೂಜಿಯಷ್ಟು ಬೇಗನೆ ಕೆಲಸ ಮಾಡುವುದಿಲ್ಲ, ಆದರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಎದೆ ಬಿಗಿಯಲು ಶುರುವಾದೊಡನೆ ನುಂಗಬೇಕು. ಹೊತ್ತು ಮುಳುಗಿದ ಮೇಲೆ ನುಂಗಿದರೆ ನಿದ್ದೆ ಹತ್ತುವುದಿಲ್ಲ. ಎದೆ ಡವಡವ ಅಂದರೆ ಇನ್ನೊಂದು ನುಂಗಬಾರದು. ದಿನವೂ ನುಂಗುತ್ತ ಹೋದರೆ ಅದರ ಕಸುವು ಕುಗ್ಗುತ್ತದೆ. ಇಷ್ಟನ್ನೂ ಅವಳಿಂದ ತಿರುಗಿ ಹೇಳಿಸಿ, ಗಂಡನಿಂದಲೂ ಹೇಳಿಸಿ ಕಳಿಸಿದರು. ಗುಳಿಗೆಗೂ ತೀರದ ಬಿಗಿತ ಬಂದಾಗ ಸೂಜಿಗೆ ಬರುತ್ತಿದ್ದಳು. ಆಗ ಅವರು ಒಮ್ಮೆಯೂ ಒಲ್ಲೆನೆನ್ನಲಿಲ್ಲ.

ಸಿಟ್ಟಾದವರು ಗಂಗವ್ವನ ಮನೆಯವರಲ್ಲ. ಪ್ರಶ್ನೆ ಹೊತ್ತು ತಂದು ಉತ್ತರ ಸಿಗದೆ ಹಿಂದಿರುಗಿದವರು. ಟೆಂಗಿನಕಾಯಿಯನ್ನು ಹಾಗೆಯೇ ಮನೆಗೆ ಒಯ್ದವರಿಗೆ ಒಂದು ಕಥೆ ಬೇಕಾಗಿತ್ತು.

ಇನ್ನು ಕೀಲಿಯ ಮಾತು. ಆ ಕೀಲಿ ಹಾಕಿದವನು ನಾನು. ಡಾಕ್ಟರ ಹೆಂಡತಿ ಓದಿದವರು. ಅವರಿಗೆ ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವ ಕೆಲಸ ಸಿಕ್ಕಿತು. ದಿನವೂ ರೈಲಿನಲ್ಲಿ ಹೋಗಿಬರುವುದು ಅವರಿಗೆ ಕಷ್ಟವಾದಾಗ ಗಂಡ ದವಾಖಾನೆಯನ್ನೇ ಅಲ್ಲಿಗೆ ಸಾಗಿಸಿದರು. ಕೊನೆಯ ಪೆಟ್ಟಿಗೆ ಟಾಂಗಾ ಏರಿದ ಮೇಲೆ ಕೀಲಿಕೈಯನ್ನು ನನ್ನ ಕೈಗೆ ಹಾಕಿ, “ಮನೀ ಮಾಲಕರು ಬಂದ್ರ ಕೊಡ್ರಿ” ಎಂದರು. ಆಮೇಲೆ ಧಾರವಾಡದಲ್ಲಿ ಮುಪ್ಪಿನವರೆಗೂ ರೋಗಿಗಳನ್ನು ನೋಡಿದರು. ಇದರಲ್ಲಿ ಓಡಿಹೋದದ್ದು ಎಲ್ಲಿ ಬಂತು? ಹೆಂಡತಿಯ ನೌಕರಿಗಾಗಿ ಗಂಡನೊಬ್ಬ ಊರು ಬಿಟ್ಟನೆಂದು ನಂಬುವುದಕ್ಕಿಂತ ದೇವಿ ಮುನಿದು ಅಟ್ಟಿದಳೆಂದು ನಂಬುವುದು ನಮ್ಮ ಜನಕ್ಕೆ ಸುಲಭವಾಯಿತು.

ಈಚೆಗೆ ಈ ಕಥೆಗೆ ಒಂದು ಬಾಲವನ್ನೂ ಹಚ್ಚಿದ್ದಾರೆ. ಡಾಕ್ಟರು ಬೇರೆ ಮತದವರಾದ್ದರಿಂದ ದೇವಿಯನ್ನು ಅವಮಾನಿಸಿದರಂತೆ. ಬಾಲ ಹಚ್ಚಿದವರಿಗೆ ನನ್ನದೊಂದು ಪ್ರಶ್ನೆ: ಅಂದು ದೇವಿಗೆಂದು ನೀರು ಬಂದ ತಾಮ್ರದ ಚರಿಗೆ ಯಾರ ಅಂಗಡಿಯದು? ಗಂಗವ್ವ ಅದನ್ನು ಕೇಳಲಿಲ್ಲ. ಕೇಳುವುದು ಅವಳಿಗೆ ಹೊಳೆಯಲೂ ಇಲ್ಲ. ಅಂದು ಆ ಗಲ್ಲಿಯಲ್ಲಿ ಯಾರ ಬಾಯಲ್ಲೂ ಬಾರದ ಮಾತನ್ನು ಅಲ್ಲಿದ್ದವರ ಮೊಮ್ಮಕ್ಕಳು ಇಂದು ಹೇಗೆ ನೆನಪಿಸಿಕೊಂಡರು?

ನನ್ನ ಮಾತನ್ನೂ ನಂಬಬೇಕಿಲ್ಲ. ನಾನು ಅವರ ನೆರೆಯವನು, ಅವರ ಪಕ್ಷದವನು. ಬಸ್ಸಿನಲ್ಲಿ ಆ ಇಬ್ಬರನ್ನು ಕೇಳಿದ ಮರುದಿನ ನಾನು ಬೆಂಗೇರಿಗೆ ಹೋದೆ. ನೀಲವ್ವ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಡಾಕ್ಟರು ಹೋದರೆಂದು ಹೇಳಿದೆ. ಕೈಯಲ್ಲಿದ್ದ ಶೇಂಗಾವನ್ನು ಮೊರಕ್ಕೆ ಸುರಿದು ಕೈಮುಗಿದಳು. ಆಮೇಲೆ ನಾನು ಇಷ್ಟು ವರ್ಷ ಕೇಳದಿದ್ದ ಪ್ರಶ್ನೆಯನ್ನು ಕೇಳಿದೆ: ಅವತ್ತು ದ್ಯಾಮವ್ವ ಬಂದಿದ್ದಳೋ, ಇಲ್ಲವೋ?

“ಅದು ನನಗ ಹ್ಯಾಂಗ ಗೊತ್ತಾಗಬೇಕೋ ಯಪ್ಪಾ? ನನಗ ಉಸಿರು ಬಂದಿತ್ತು. ಅದಷ್ಟ ಗೊತ್ತು.”

“ಮತ್ತ ನಿಮ್ಮ ಅತ್ತಿ ನಿನ್ನ ಹ್ಯಾಂಗ ಇಟಗೊಂಡ್ಲು? ತಾಯಿ ಹೇಳಿದ್ದಲ್ಲ ಅಂತ ಡಾಕ್ಟರ ಖರೇನ ಹೇಳಿದ್ರಲ್ಲ?”

ನೀಲವ್ವ ನಕ್ಕಳು. “ಬಂಡ್ಯಾಗ ಊರ ಮುಟ್ಟೂತನಾ ನಮ್ಮತ್ತಿ ಮಾತಾಡಲಿಲ್ಲ. ಊರ ಅಗಸಿಬಾಗಲ ಹಂತ್ಯಾಕ ಬಂದ ಮ್ಯಾಲೆ ಮಗಗ ಅಂದ್ಲು: ‘ತಾಯಿ ಅಂದಿದ್ರ ನಾಕ ಕಾಯಿ ಜಾಸ್ತಿ ಬೀಳತಿದ್ವು ಅಂವಗ. ಆದ್ರೂ ಮಾತು ನಂದು ಅಂದ. ಅಂಥವನ ಮಾತು ನಂಬಬೇಕು. ಈಕಿ ನಮ್ಮ ಮನ್ಯಾಗ ಇರಲಿ.’”

ಬೆಂಗೇರಿಯಲ್ಲಿ ಶೇಂಗಾ ಸುಲಿಯುವ ನೀಲವ್ವನ ಮನೆಯೆಂದರೆ ಯಾರಾದರೂ ತೋರಿಸುತ್ತಾರೆ. ಮಧ್ಯಾಹ್ನ ಬಾಗಿಲು ತೆರೆದಿರುತ್ತದೆ. ಆ ಕಥೆಯನ್ನು ಇನ್ನೊಮ್ಮೆ ಹೇಳುವ ಮೊದಲು ಹೋಗಿ ಅವಳನ್ನು ಕೇಳಿರಿ.